ಇನ್ನೊಬ್ಬಳ ಸೋಮವಾರ

ನನ್ನ ಗಂಡ ಮರೆಯುವುದನ್ನು ಬಿಟ್ಟ ಮೇಲೆ ನನಗೆ ಅವರ ಮೇಲೆ ಅನುಮಾನ ಶುರುವಾಯಿತು. ಕೇಳಿದವರು ನಕ್ಕಾರು. ಮರೆಗುಳಿ ಗಂಡ ಸರಿಹೋದರೆ ಹೆಂಡತಿಗೆ ಖುಷಿಯಾಗಬೇಕಲ್ಲ? ಆಯಿತು, ಮೊದಲ ಎರಡು ವಾರ ಆಯಿತು. ಆಮೇಲೆ ನನ್ನ ಬುದ್ಧಿ ತನ್ನ ಕೆಲಸ ಶುರುಮಾಡಿತು. ಹದಿನಾಲ್ಕು ವರ್ಷ ಒಂದು ಬೆಂಕಿಪೆಟ್ಟಿಗೆ ತರುವುದನ್ನೂ ನೆನಪಿಟ್ಟುಕೊಳ್ಳದ ಮನುಷ್ಯ, ಯಾರೂ ಹೇಳದೆ ಮಗಳ ಶನಿವಾರದ ಯೂನಿಫಾರ್ಮಿಗೆ ಬಿಳಿ ರಿಬ್ಬನ್ ತಂದರೆ ಏನೆಂದು ತಿಳಿಯಬೇಕು? ಯಾರೋ ಹೇಳಿದ್ದಾರೆ ಎಂದೇ ತಿಳಿಯಬೇಕು. ನಾನಂತೂ ಹೇಳಿರಲಿಲ್ಲ.

ನಮ್ಮ ಮನೆ ಬ್ರಹ್ಮಾವರದಲ್ಲಿ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇವರದು ಕುಂದಾಪುರದಲ್ಲಿ ಪಂಪ್‌ಸೆಟ್, ಪೈಪುಗಳ ಅಂಗಡಿ. ಮನೆಯಲ್ಲಿ ಅತ್ತೆ ಇದ್ದಾರೆ, ಏಳನೇ ಕ್ಲಾಸಿನ ಮಗಳಿದ್ದಾಳೆ. ಹೊರಗಿನವರ ಕಣ್ಣಿಗೆ ನಮ್ಮದು ಬಹಳ ಸಮಾನತೆಯ ಸಂಸಾರ. ಇವರು ಬಟ್ಟೆ ಒಣಗಿಸುತ್ತಾರೆ, ಚಹಾ ಮಾಡುತ್ತಾರೆ, ತಾಯಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹೇಳಿದ ಕೆಲಸಕ್ಕೆ ಇಲ್ಲ ಎಂದವರೇ ಅಲ್ಲ. ನನ್ನ ಅಕ್ಕತಂಗಿಯರು ಇವರನ್ನು ತೋರಿಸಿ ತಮ್ಮ ಗಂಡಂದಿರಿಗೆ ಪಾಠ ಮಾಡುತ್ತಾರೆ.

ಆದರೆ ಹೇಳಬೇಕು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಟ್ಟೆ ಒಣಗಿಸಿ ಎನ್ನಬೇಕು, ಒಣಗಿದ ಮೇಲೆ ತೆಗೆಯಿರಿ ಎಂದು ಇನ್ನೊಮ್ಮೆ ಎನ್ನಬೇಕು. ಅತ್ತೆಯ ಬಿಪಿ ಮಾತ್ರೆ ಇನ್ನು ನಾಲ್ಕು ದಿನಕ್ಕಿದೆ, ಗ್ಯಾಸ್ ಬುಕ್ ಮಾಡಿಲ್ಲ, ಇವರ ಸೋದರತ್ತೆಯ ಮನೆಯಲ್ಲಿ ಮದುವೆ, ಅವರು ನಮ್ಮ ಗೃಹಪ್ರವೇಶಕ್ಕೆ ಬಂದಿದ್ದರು, ಹೋಗದಿದ್ದರೆ ಆಗುವುದಿಲ್ಲ. ಇದೆಲ್ಲ ನನ್ನ ತಲೆಯಲ್ಲಿ. ನಾನು ಹತ್ತನೇ ಕ್ಲಾಸಿಗೆ ಸಮಬಾಹು ತ್ರಿಭುಜ ಬರೆಯುತ್ತ ಬೋರ್ಡಿನ ಕಡೆ ತಿರುಗಿದಾಗಲೂ ಒಳಗೆ ಅಕ್ಕಿ ನೆನೆಹಾಕಿದೆನೋ ಇಲ್ಲವೋ ಎಂಬ ಯೋಚನೆ ಓಡುತ್ತಿರುತ್ತದೆ. ಇವರ ತಲೆಯಲ್ಲಿ ಏನು ಓಡುತ್ತದೆ ಎಂದು ಒಮ್ಮೆ ಕೇಳಿದ್ದೆ. ಎಂತದೂ ಇಲ್ಲ ಎಂದು ಬಹಳ ಪ್ರಾಮಾಣಿಕವಾಗಿ ಹೇಳಿದರು. ನನಗೆ ಹೊಟ್ಟೆ ಉರಿಯಿತು.

ಸಿಟ್ಟು ಕಟ್ಟೆ ಒಡೆದದ್ದು ನಾಗರಪಂಚಮಿಯ ದಿನ. ಇವರ ಮೂಲದ ನಾಗಬನ ಶಂಕರನಾರಾಯಣದ ಕಡೆ. ವರ್ಷಕ್ಕೊಮ್ಮೆ ಕುಟುಂಬದವರೆಲ್ಲ ಅಲ್ಲಿ ಸೇರಿ ನಾಗನ ಕಲ್ಲಿಗೆ ಹಾಲು, ಸೀಯಾಳದ ತನು ಎರೆಯುತ್ತಾರೆ. ಹಾಲು, ಅರಿಶಿನದ ಎಲೆ, ಬಾಳೆಹಣ್ಣು ನಾನು ಕಟ್ಟಿಕೊಂಡಿದ್ದೆ. ಸೀಯಾಳ ಮತ್ತು ಅಡಿಕೆ ಹೂವಿನ ಹಿಂಗಾರ ಕುಂದಾಪುರದಿಂದ ತರಬೇಕೆಂದು ಇವರಿಗೆ ನಾಲ್ಕು ದಿನ ಮೊದಲೇ ಹೇಳಿದ್ದೆ. ಎರಡನೇ ಸಲ ಹೇಳಲಿಲ್ಲ. ಬನಕ್ಕೆ ಹೋಗಿ ಚೀಲ ಬಿಚ್ಚಿದರೆ ಎರಡೂ ಇಲ್ಲ. ಭಟ್ಟರು ಕಾಯುತ್ತಿದ್ದರು, ಸುತ್ತ ನಲವತ್ತು ಮಂದಿ. ಇವರು ಎಲ್ಲರಿಗೂ ಕೇಳುವ ಹಾಗೆ, “ಇವ್ಳ್ ನೆನ್ಪ್ ಮಾಡ್ಲೇ ಇಲ್ಲೆ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಳೆ ಬರಲಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದರು. ಒಬ್ಬರು ದೊಡ್ಡಮ್ಮ ನನ್ನ ಕಡೆ ತಿರುಗಿ, ಹೆಂಗಸರಿಗೆ ಇಷ್ಟೂ ನೆನಪು ಬೇಡವೇ ಎಂದು ಕೇಳಿದರು. ಪಕ್ಕದವರ ಬುಟ್ಟಿಯಿಂದ ಒಂದು ಎಸಳು ಹಿಂಗಾರ ಬೇಡಿ ತನು ಎರೆದೆವು.

ಮನೆಗೆ ಬಂದು ಸೀರೆ ಬದಲಿಸುವ ಮೊದಲೇ ಹೇಳಿದೆ, ಇನ್ನು ನಾನು ಯಾವುದನ್ನೂ ನೆನಪು ಮಾಡುವುದಿಲ್ಲ. ನನ್ನ ಪಾಲಿನದು ನಾನು ಮಾಡುತ್ತೇನೆ, ನಿಮ್ಮ ಪಾಲಿನದು ನಿಮಗೇ ನೆನಪಿರಬೇಕು. ಇವರು ಆಯ್ತು ಎಂದರು. ಎಂತ ಹೇಳಿದರೂ ಮೊದಲು ಆಯ್ತು ಎನ್ನುವುದೇ ಅವರ ಪದ್ಧತಿ. ನಾನು ಬಾಯಿಗೆ ಬೀಗ ಹಾಕಿ ಕಾದೆ. ಮನೆ ಒಂದಿಷ್ಟು ಕುಸಿಯಲಿ, ಇವರಿಗೆ ಗೊತ್ತಾಗಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಒಮ್ಮೆ ಗ್ಯಾಸ್ ಮುಗಿದು ಇಂಡಕ್ಷನ್ ಒಲೆಯಲ್ಲಿ ಎರಡು ದಿನ ಕಳೆದೆವು. ಕುಸಿದದ್ದು ಅಷ್ಟೇ. ಆಮೇಲೆ ಎಲ್ಲವೂ ಸರಸರನೆ ನಡೆಯತೊಡಗಿತು. ಅತ್ತೆಯ ಮಾತ್ರೆ ಮುಗಿಯುವ ಮುಂಚಿನ ದಿನವೇ ಹೊಸ ಸ್ಟ್ರಿಪ್ ಬಂತು. ಸೋದರತ್ತೆಯ ಮನೆಯ ಮದುವೆಯ ದಿನ ಬೆಳಿಗ್ಗೆ ಇವರೇ ಬಿಳಿ ಅಂಗಿ ಇಸ್ತ್ರಿ ಮಾಡಿ ನಿಂತಿದ್ದರು. ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬಕ್ಕೆ ಭತ್ತದ ಕದಿರಿನ ಜೊತೆ ಕಟ್ಟುವ ಎಲೆಗಳನ್ನೂ ಒಂದೂ ಬಿಡದೆ ತಂದರು. ಮಗಳ ಶಾಲೆಯಲ್ಲಿ ಗುರುವಾರ ಪೋಷಕರ ಮೀಟಿಂಗ್ ಇದ್ದಾಗ, ನನಗೆ ರಜೆ ಸಿಗುವುದಿಲ್ಲವೆಂದು ನಾನು ಒದ್ದಾಡುತ್ತಿರುವಾಗಲೇ, ತಾನು ಹೋಗುತ್ತೇನೆ ಎಂದರು, ಹೋದರು, ಟೀಚರು ಹೇಳಿದ್ದನ್ನೆಲ್ಲ ಬಂದು ಒಪ್ಪಿಸಿದರು. ಅತ್ತೆಗೆ ಆನಂದವೋ ಆನಂದ. ಅವರ ಮಗ ಮೊದಲಿನಿಂದಲೂ ಬುದ್ಧಿವಂತನೇ, ನಾನೇ ಅವಕಾಶ ಕೊಟ್ಟಿರಲಿಲ್ಲ ಎಂಬ ಧಾಟಿಯಲ್ಲಿ ಮಾತಾಡತೊಡಗಿದರು.

ನನಗೂ ಹಗುರವಾಗಿತ್ತು. ಸ್ಟಾಫ್ ರೂಮಿನಲ್ಲಿ ಕೂತು ಸುಮ್ಮನೆ ಚಹಾ ಕುಡಿಯುವುದು ಹೇಗೆಂದು ಆ ದಿನಗಳಲ್ಲಿ ತಿಳಿಯಿತು. ಆದರೆ ಅನುಮಾನ ನನಗೆ ತವರಿನಿಂದ ಬಂದ ಬಳುವಳಿ. ನನ್ನ ಅಮ್ಮ ಹಾಲಿನವನು ನಕ್ಕರೆ ಸಾಕು, ಆ ದಿನ ಹಾಲನ್ನು ಎರಡು ಸಲ ನೋಡುತ್ತಿದ್ದಳು. ಇವರ ಈ ಹೊಸ ನೆನಪು ಎಲ್ಲಿಂದ ಬಂತು? ನನಗೆ ಗೊತ್ತಿರುವ ಗಂಡಸಿನ ತಲೆಯಲ್ಲಿ ಬಿಳಿ ರಿಬ್ಬನ್ನಿಗೆ ಜಾಗ ಇರಲಿಲ್ಲ. ಗಂಡಸರು ಇದ್ದಕ್ಕಿದ್ದಂತೆ ಒಳ್ಳೆಯವರಾಗುವುದು ತಪ್ಪು ಮಾಡುತ್ತಿರುವಾಗ ಎಂದು ಎಲ್ಲರೂ ಹೇಳುತ್ತಾರೆ. ನನ್ನ ತಲೆಯಲ್ಲಿ ಈಗ ಬೇರೆ ಕೆಲಸ ಇರಲಿಲ್ಲವಲ್ಲ, ಖಾಲಿ ಜಾಗವನ್ನೆಲ್ಲ ಈ ಯೋಚನೆಯೇ ತುಂಬಿಕೊಂಡಿತು.

ಫೋನು ನೋಡಿದೆ. ಅದರ ಪಿನ್ ಮಗಳ ಹುಟ್ಟಿದ ದಿನ, ಹಾಕಿಕೊಟ್ಟವಳು ನಾನೇ, ಅದಾದರೂ ನೆನಪಿರಲಿ ಎಂದು. ಫೋನಿನಲ್ಲಿ ಪಂಪಿನ ಮಾತು ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದೂ ನನಗೆ ಸಂಶಯವಾಗಿಯೇ ಕಂಡಿತು. ಎರಡು ದಿನ ಬಿಟ್ಟು ಬಟ್ಟೆ ಒಗೆಯುವಾಗ ಇವರ ಅಂಗಿಯ ಜೇಬಿನಲ್ಲಿ ಒದ್ದೆಯಾಗಿ ಮುದ್ದೆಗಟ್ಟಿದ ಒಂದು ಚೀಟಿ ಸಿಕ್ಕಿತು. ಬಿಡಿಸಿದರೆ ನೀಲಿ ಶಾಯಿ ಎಲ್ಲ ಹರಡಿ ಹೋಗಿತ್ತು. ಓದಲು ಬಂದದ್ದು ಕೊನೆಯ ಒಂದೇ ಶಬ್ದ. “ಮರೀಬೇಡಿ.” ದುಂಡಗಿನ ಅಕ್ಷರ. ಇವರ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಅದು ಇವರದಲ್ಲ.

ಮೇಷ್ಟರಿಕೆ ಮಾಡಿದವಳಿಗೆ ಕೈಬರಹ ಗುರುತು ಹಿಡಿಯುವುದು ದೊಡ್ಡ ಮಾತಲ್ಲ. ಮನೆಗೆ ಹಾಕಿಸಿದ ಪಂಪಿನ ಬಿಲ್ಲು ಡ್ರಾಯರಿನಲ್ಲಿ ಇತ್ತು. ತೆಗೆದು ಪಕ್ಕದಲ್ಲಿಟ್ಟೆ. ಅದೇ ದುಂಡಗಿನ ಅಕ್ಷರ. ಇವರ ಅಂಗಡಿಯಲ್ಲಿ ಬಿಲ್ಲು ಬರೆಯುವ ಹೆಂಗಸು ಬೈಂದೂರಿನವಳು, ಎರಡು ವರ್ಷದಿಂದ ಇದ್ದಾಳೆ. ದೀಪಾವಳಿಯ ಅಂಗಡಿಪೂಜೆಯಲ್ಲಿ ಎರಡು ಸಲ ನೋಡಿದ್ದೆ. ಮೂವತ್ತೈದು ದಾಟಿರಬಹುದು, ಅಚ್ಚುಕಟ್ಟು, ಮುಡಿ ತುಂಬ ಅಬ್ಬಲಿಗೆ ಹೂವು. ಗಂಡ ಮುಂಬಯಿಯ ಹೋಟೆಲಿನಲ್ಲಿ ಎಂದು ಇವರೇ ಯಾವಾಗಲೋ ಹೇಳಿದ್ದರು. ಆಗ ಕಿವಿಗೆ ಬಿದ್ದು ಹೋಗಿದ್ದ ಮಾತು ಈಗ ದೊಡ್ಡದಾಗಿ ಕೇಳಿಸಿತು. ಗಂಡ ಮುಂಬಯಿಯಲ್ಲಿ. ಏನು ಮರೆಯಬೇಡಿ ಎಂದು ಬರೆದಿದ್ದಳು ಅವಳು?

ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾರೆ, ಸುಳ್ಳು ಹೇಳಿದರೆ ನಾನು ನಂಬುತ್ತೇನೆ, ಆ ಹೆದರಿಕೆ. ಸುಮ್ಮನೆ ಇವರನ್ನು ನೋಡುತ್ತ ಇದ್ದೆ. ಊಟಕ್ಕೆ ಕೂತಾಗ, ಮಗಳಿಗೆ ಲೆಕ್ಕ ಹೇಳಿಕೊಡುವಾಗ, ಕನ್ನಡಿ ಮುಂದೆ ತಲೆ ಬಾಚುವಾಗ. ಮನುಷ್ಯನ ಮುಖದಲ್ಲಿ ಏನೂ ಬದಲಾಗಿರಲಿಲ್ಲ. ಹದಿನಾಲ್ಕು ವರ್ಷ ಜೊತೆಗಿದ್ದವರ ಮುಖವನ್ನು ಓದಲಾಗದೆ ನಾನು ಸೋತುಹೋಗಿದ್ದೆ, ಬಹಳ ಅಳು ಬರುತ್ತಿತ್ತು.

ಆಮೇಲೆ ಬಂತು ಆ ಸೋಮವಾರ. ನಮ್ಮ ಕಡೆ ಬಹುಪಾಲು ಮನೆಗಳಲ್ಲಿ ಮೀನು ಮುಟ್ಟದ ಒಂದು ವಾರ ಇರುತ್ತದೆ. ಕೆಲವರಿಗೆ ಸೋಮವಾರ, ಕೆಲವರಿಗೆ ಗುರುವಾರ, ನಮ್ಮಲ್ಲಿ ಮಾವನ ಕಾಲದಿಂದ ಶನಿವಾರ. ಅದು ಮನೆಯೊಳಗಿನ ವಿಷಯ, ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆ ದಿನ ಬೆಳಿಗ್ಗೆ ಅತ್ತೆ ಬಂಗ್ಡೆ ತಾ ಎಂದು ಮಗನಿಗೆ ಬಾಯಿಬಿಟ್ಟು ಹೇಳಿದ್ದರು. ಸಂಜೆ ಇವರು ಒಂದು ಕಟ್ಟು ಬಸಳೆ ಹಿಡಿದು ಬಂದರು. ಮೀನೆಲ್ಲಿ ಎಂದು ಅತ್ತೆ ಕೇಳಿದರು.

“ಇವತ್ತ್ ಸೋಮಾರ ಅಲ್ದಾ ಅಮ್ಮಾ, ಸೋಮಾರ ಯಾರಾರೂ ಮೀನ್ ತಿಂತ್ರಾ?” ಎಂದರು, ಬಹಳ ತಿಳಿದವರ ಹಾಗೆ.

ಅತ್ತೆ ಬಾಯಿ ತೆರೆದು ನಿಂತರು. ಹೋದ ಸೋಮವಾರವೂ ಅದರ ಹಿಂದಿನ ಸೋಮವಾರವೂ ಇದೇ ಅಡುಗೆಮನೆಯಲ್ಲಿ ಮೀನು ಬೇಯಿಸಿದ್ದೇವೆ, ಇವರು ತಿಂದಿದ್ದಾರೆ. ಇವರ ಮುಖ ಒಂದು ಕ್ಷಣ ಬಿಳುಚಿತು. ಏನೋ ಗೊಣಗಿ ಬಚ್ಚಲಿಗೆ ಹೋದರು. ನಾನು ಬಸಳೆ ಸೊಪ್ಪು ಬಿಡಿಸುತ್ತ ಕೂತೆ. ಯಾವ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲವೋ ಆ ಮನೆಯ ಅಡುಗೆಮನೆಯವರೆಗೆ ಇವರು ಹೋಗಿದ್ದಾರೆ. ಇಲ್ಲದಿದ್ದರೆ ಇನ್ನೊಬ್ಬಳ ಸೋಮವಾರ ನಮ್ಮ ಮನೆಗೆ ಹೇಗೆ ಬಂತು?

ಮುಂದಿನ ಸೋಮವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ಕುಂದಾಪುರದ ಬಸ್ಸು ಹತ್ತಿದೆ. ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದೆ. ಜಗಳಕ್ಕೆ ಹೊರಟವಳಿಗೆ ಒಳ್ಳೆಯ ಸೀರೆ ಯಾಕೆ ಬೇಕೆಂದು ಈಗ ನಗು ಬರುತ್ತದೆ, ಆಗ ಬರಲಿಲ್ಲ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಕಂಡಕ್ಟರ್ ಚಿಲ್ಲರೆ ಕೇಳಿದಾಗ ಅವನ ಮೇಲೂ ರೇಗಿದೆ.

ಅಂಗಡಿಯ ಹೊರಗೆ ಪೈಪಿನ ರಾಶಿಯ ಪಕ್ಕ ನಿಂತಾಗ ಇವರ ಬೈಕು ಕಾಣಲಿಲ್ಲ. ಒಳಗೆ ಅವಳೊಬ್ಬಳೇ, ನನಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಅಲ್ಲೇ ನಿಂತು ಕಿವಿಗೊಟ್ಟೆ. ನಾಚಿಕೆ ಆಗಲಿಲ್ಲ.

“ಬಿಳಿದ್ ಬೆಳಿಗ್ಗೆ ಒಂದ್, ಗುಲಾಬಿದ್ ರಾತ್ರಿ ಅರ್ಧ. ಹೋದ್ಸಲ ಬೇರೆ ಕಂಪೆನಿದ್ ಕೊಟ್ಟಿದ್ರಿ, ಅಮ್ಮಂಗೆ ಅದ್ ತಿಂದ್ರೆ ಕಾಲ್ ಬಾತ್ಕಂತ್ತ್. ಮೊದ್ಲಿಂದೇ ಕೊಡಿ. ಅಣ್ಣ ಸಂಜಿಗ್ ಬತ್ರ್.”

ಅದು ಮೆಡಿಕಲ್ ಶಾಪಿಗೆ ಮಾಡಿದ ಫೋನು, ಮಾತ್ರೆ ನನ್ನ ಅತ್ತೆಯದು, ಅಣ್ಣ ಎಂದರೆ ಇವರು. ಮಾತ್ರೆ ಬದಲಾದರೆ ಅತ್ತೆಯ ಕಾಲು ಬಾತುಕೊಳ್ಳುತ್ತದೆ ಎನ್ನುವುದು ಲೋಕದಲ್ಲಿ ನನಗೊಬ್ಬಳಿಗೆ ಗೊತ್ತಿದ್ದ ಸಂಗತಿ ಎಂದುಕೊಂಡಿದ್ದೆ. ನಾನೇ ಎಂದೋ ಇವರಿಗೆ ಹೇಳಿದ್ದು ಇವರ ಕಿವಿಯಲ್ಲಿ ನಿಲ್ಲದೆ ಅವಳಲ್ಲಿಗೆ ಹೋಗಿ ಸೇರಿತ್ತು.

ತಿರುಗಿ ನನ್ನನ್ನು ಕಂಡವಳು ಗಾಬರಿಯಾಗಲಿಲ್ಲ. ಅಕ್ಕ ಬನ್ನಿ, ಕೂಕಣಿ ಎಂದು ಕುರ್ಚಿ ಒರೆಸಿ ಕೊಟ್ಟಳು. ಅಣ್ಣ ಸಿದ್ದಾಪುರದಲ್ಲಿ ಒಂದು ತೋಟಕ್ಕೆ ಪಂಪು ಕೂರಿಸಲು ಹೋಗಿದ್ದಾರೆ, ಬರುವುದು ನಾಲ್ಕಾಗಬಹುದು ಎಂದಳು. ನಾನು ಕೇಳುವ ಮೊದಲೇ ಅವಳು ತಪ್ಪೊಪ್ಪಿಕೊಳ್ಳುವವಳ ಹಾಗೆ, ಹೋದ ಸೋಮವಾರದ ಮೀನಿನದು ನನ್ನದೇ ತಪ್ಪು ಅಕ್ಕ ಎಂದಳು. ಅಣ್ಣ ಹೊರಡುವಾಗ ಮೀನು ತೆಗೆದುಕೊಂಡು ಹೋಗಬೇಕಾ ಎಂದು ಇವಳನ್ನು ಕೇಳಿದ್ದರಂತೆ. ಇವಳ ಮನೆಯಲ್ಲಿ ಸೋಮವಾರ ಮೀನಿಲ್ಲ. ಅದೇ ಗುಂಗಿನಲ್ಲಿ ಇವತ್ತು ಸೋಮವಾರ ಅಲ್ಲವಾ ಎಂದುಬಿಟ್ಟಳಂತೆ. ತನ್ನ ಮನೆಯಲ್ಲಿ ಯಾವ ವಾರ ಮೀನು ತಿನ್ನುವುದಿಲ್ಲ ಎಂದು ನಲವತ್ತೈದು ವರ್ಷದ ಗಂಡಸಿಗೆ ಗೊತ್ತಿಲ್ಲ! ತಟ್ಟೆಗೆ ಬಿದ್ದದ್ದನ್ನು ತಿಂದು ಏಳುವವರಿಗೆ ವಾರ ಯಾಕೆ ಬೇಕು?

ಬಿಲ್ಲು ಬರೆಯುವ ಮೇಜಿನ ಹಿಂದೆ ಗೋಡೆಯಲ್ಲಿ ದೊಡ್ಡ ಅಂಕಿಯ ಕ್ಯಾಲೆಂಡರ್ ಇತ್ತು. ಅವಳೇ ತೋರಿಸಿದಳು, ಒಂದು ಬಗೆಯ ಹೆಮ್ಮೆಯಿಂದಲೇ. ನಾನು ನೆನಪು ಮಾಡುವುದನ್ನು ನಿಲ್ಲಿಸಿದ ಮೇಲೆ ಅಣ್ಣನಿಗೆ ಬಹಳ ಕಷ್ಟವಾಯಿತಂತೆ. ಅಂಗಡಿಯ ಆರ್ಡರುಗಳನ್ನೆಲ್ಲ ನೀನೇ ನೆನಪಿಡುತ್ತೀಯಲ್ಲ, ಮನೆಯದನ್ನೂ ಒಂದು ಕಡೆ ಬರೆದಿಟ್ಟು ಹೇಳು ಎಂದರಂತೆ. ಮನೆಯಲ್ಲಿ ಕಿವಿಗೆ ಬಿದ್ದದ್ದನ್ನು ಅಣ್ಣ ಬೆಳಿಗ್ಗೆ ಬಂದಕೂಡಲೇ ಹೇಳುತ್ತಿದ್ದರಂತೆ, ಉಳಿದದ್ದನ್ನು ಇವಳೇ ಕೆದಕಿ ಕೇಳಿ ಬರೆದುಕೊಳ್ಳುತ್ತಿದ್ದಳಂತೆ. ನೀಲಿ ಶಾಯಿಯಲ್ಲಿ ಇದ್ದದ್ದು ನಮ್ಮ ಮನೆ. ಗ್ಯಾಸ್, ಮಾತ್ರೆ, ಕದಿರು, ಎಲೆಗಳು, ಬಿಳಿ ರಿಬ್ಬನ್, ಸೋದರತ್ತೆ ಮನೆ ಮದುವೆ. ಪ್ರತಿದಿನ ಸಂಜೆ ಅವತ್ತಿನದನ್ನು ಚೀಟಿಯಲ್ಲಿ ಬರೆದು, ಕೊನೆಗೆ ಮರೀಬೇಡಿ ಎಂದು ಸೇರಿಸಿ, ಅಣ್ಣನ ಜೇಬಿಗೆ ದಾಟಿಸುತ್ತಿದ್ದಳು.

ಕೆಂಪು ಶಾಯಿಯೂ ಅಲ್ಲಲ್ಲಿ ಇತ್ತು. ಅದು ಯಾರದು ಎಂದು ಕೇಳಿದೆ. ತನ್ನ ಮನೆಯದು ಎಂದಳು. ಬೈಂದೂರಿನಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಬರುತ್ತಾಳೆ, ಮನೆಯಲ್ಲಿ ಇಬ್ಬರು ಮಕ್ಕಳು, ಒಬ್ಬರು ಅತ್ತೆ. ನನ್ನ ಕಣ್ಣು ಒಂದು ಗುರುವಾರದ ಚೌಕದ ಮೇಲೆ ನಿಂತಿತು. ಕೆಂಪಿನಲ್ಲಿ “ಅತ್ತಿ ಕಣ್ಣ್, ಉಡ್ಪಿ” ಎಂದಿತ್ತು. ಅದರ ಮೇಲೆಯೇ ನೀಲಿಯಲ್ಲಿ “ಶಾಲೆ ಮೀಟಿಂಗ್, ಅಣ್ಣ ಹೋಪುದ್” ಎಂದು ಬರೆದು, ಕೆಂಪನ್ನು ಒಂದು ಗೆರೆ ಎಳೆದು ಹೊಡೆದುಹಾಕಿದ್ದಳು.

ಅತ್ತೆಯ ಕಣ್ಣಿಗೆ ಏನಾಗಿದೆ ಎಂದು ಕೇಳಿದೆ. ಒಂದು ಕಣ್ಣು ಹೋಗಿಯೇ ಆಗಿದೆ, ಇನ್ನೊಂದನ್ನು ಬೇಗ ತೋರಿಸಬೇಕೆಂದು ಡಾಕ್ಟರು ದಿನ ಕೊಟ್ಟಿದ್ದರು ಎಂದಳು. ಮತ್ತೆ ಯಾಕೆ ಹೋಗಲಿಲ್ಲ ಎಂದು ಗದರಿಸಿದೆ. ಗದರಿಸಿದ್ದು ಯಾರನ್ನೋ, ಯಾರ ಮೇಲಿನ ಸಿಟ್ಟಿಗೋ, ನನಗೇ ತಿಳಿಯಲಿಲ್ಲ.

“ಅಣ್ಣ ನಿಮ್ ಮಗಳ್ ಶಾಲಿಗ್ ಹೋಯ್ಕಿತ್ತಲೆ ಅಕ್ಕ. ಅಂಗ್ಡಿ ಕಾಂಬುಕೆ ಯಾರ್ ಇದ್ರ್? ಇನ್ನೊಂದ್ ದಿನ ಕೊಟ್ಟಿರ್, ಬಪ್ಪು ತಿಂಗಳ್ ಕಡಿಗೆ. ಅಣ್ಣಂಗೆ ಹೇಳ್ಬೇಡಿ, ಕೆಲ್ಸದ್ ಮೇಲ್ ಮನ್ಸಿಲ್ಲೆ ಅಂತ ತಿಳ್ಕಂತ್ರ್.”

ದೂರುವ ದನಿಯಲ್ಲಿ ಹೇಳಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು, ಅವಳು ಎದ್ದು ಪೈಪು ಅಳೆಯಲು ಹೋದಳು. ನಾನು ಆ ಗುರುವಾರ ಎಷ್ಟು ಖುಷಿಯಾಗಿದ್ದೆ ಎಂದು ನೆನಪಾಯಿತು. ಕೊನೆಗೂ ನನ್ನ ಗಂಡ ನನ್ನ ಹೊರೆ ಹೊರುತ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದ್ದೆ, ಒಬ್ಬರು ಸಹೋದ್ಯೋಗಿ ಲಾಡು ಕೂಡ ಹಂಚಿಸಿದ್ದರು.

ನಾಲ್ಕಕ್ಕೆ ಇವರು ಬಂದರು. ಒಳ್ಳೆಯ ಸೀರೆಯಲ್ಲಿ ಕೂತ ನನ್ನನ್ನು ನೋಡಿ, ಇವತ್ತು ಏನಾದರೂ ವಿಶೇಷ ಇದೆಯಾ, ನನಗೆ ಮರೆತುಹೋಯಿತಾ ಎಂದು ಹೆದರಿಕೊಂಡೇ ಕೇಳಿದರು. ಬೈಕಿನಲ್ಲಿ ಮನೆ ಕಡೆ ಹೊರಟು, ದಾರಿಯಲ್ಲಿ ಎಳನೀರಿನ ಗಾಡಿಯ ಹತ್ತಿರ ನಿಲ್ಲಿಸಿ ಎಂದೆ. ಅಲ್ಲಿ ಕೇಳಿದೆ, ಮನೆಯದನ್ನೆಲ್ಲ ಅವಳ ತಲೆಗೆ ಯಾಕೆ ಕಟ್ಟಿದಿರಿ ಎಂದು. ಇವರು ಮುಚ್ಚಿಡಲು ಹೋಗಲಿಲ್ಲ. ಸಿಕ್ಕಿಬಿದ್ದವರ ಮುಖವೂ ಇರಲಿಲ್ಲ.

“ನೀ ಹೇಳುದ್ ನಿಲ್ಸ್‌ದೆ. ನಾ ಮತ್ಯಾರತ್ರ ಕೇಂಬುದ್? ಕೆಲ್ಸ ಎಲ್ಲ ಸಮ ಆಯ್ತಲೆ” ಎಂದರು.

ಲಾರಿಗಳು ಹೋಗುತ್ತಿದ್ದವು. ಎರಡು ತಿಂಗಳು ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತು ಚಹಾ ಕುಡಿದವಳು ನಾನು. ಆ ಚಹಾ ಯಾರು ಕೊಡಿಸಿದ್ದೆಂದು ಈಗ ತಿಳಿದಿತ್ತು. ಹೇಳಬೇಡಿ ಎಂದು ಅವಳು ಬೇಡಿಕೊಂಡದ್ದೂ ನೆನಪಿತ್ತು. ಆದರೂ ಕೇಳಿಬಿಟ್ಟೆ, ಅವಳ ಅತ್ತೆಯ ಕಣ್ಣು ಈಗ ಹೇಗಿದೆಯಂತೆ ಎಂದು.

ಇವರು ಎಳನೀರಿನ ಸ್ಟ್ರಾ ಬಾಯಿಂದ ತೆಗೆದು ನನ್ನನ್ನು ನೋಡಿದರು.

“ಅವ್ಳಿಗೆ ಅತ್ತಿ ಇದ್ರಾ?”

ಎರಡು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದವರು, ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಿದ್ದರು. ಆ ಮುಖ ಓದಲು ನನಗೆ ಈ ಸಲ ಏನೂ ಕಷ್ಟವಾಗಲಿಲ್ಲ. ಇವರು ಮನಸ್ಸನ್ನು ಅವಳಿಗೆ ಕೊಟ್ಟಿದ್ದಾರೆ ಎಂದು ನಾನು ಎಷ್ಟು ದಿನ ಅತ್ತಿದ್ದೆ! ಕೊಟ್ಟಿದ್ದರೆ ಅವಳಿಗೊಬ್ಬರು ಅತ್ತೆ ಇದ್ದಾರೆ ಎಂಬುದಾದರೂ ಇವರಿಗೆ ಗೊತ್ತಿರುತ್ತಿತ್ತು.